ಹೇತ್ವಾಭಾಸದ ಚರಿತ್ರೆ

ತಪ್ಪಾಗಿ ಯೋಚಿಸುವುದು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಗುಣ. ಆದರೆ ತಾನು ಯಾವ ಯಾವ ರೀತಿಯಲ್ಲಿ ತಪ್ಪಾಗಿ ಯೋಚಿಸುತ್ತಿರುವೆನೆಂಬುದನ್ನು ತಾನೇ ಗಮನಿಸಿ, ಆ ತಪ್ಪುಗಳನ್ನು ಎಣಿಸಿ, ಒಂದೊಂದಕ್ಕೂ ಹೆಸರಿಟ್ಟು, ಅದನ್ನೊಂದು ಶಾಸ್ತ್ರವನ್ನಾಗಿ ಮಾಡಿ ಮಕ್ಕಳಿಗೆ ಪಾಠ ಹೇಳುವುದು ಹುಟ್ಟಿನಿಂದ ಬರುವ ಗುಣವಲ್ಲ; ಅದು ಅನೇಕ ತಲೆಮಾರುಗಳ ಸಾಧನೆಯ ಫಲ. ಪ್ರಾಚೀನ ಲೋಕದಲ್ಲಿ ಈ ಸಾಧನೆಯನ್ನು ಮಾಡಿದವರಲ್ಲಿ ಗ್ರೀಕರೂ ನಮ್ಮವರೂ ಮುಖ್ಯರು. ಕ್ರಿ. ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲನು ಕುಯುಕ್ತಿಗಳನ್ನು ಕುರಿತು ಪ್ರತ್ಯೇಕವಾದ ಒಂದು ಗ್ರಂಥವನ್ನೇ ಬರೆದು, ಮಾತಿನಿಂದ ಹುಟ್ಟುವವು 6, ಮಾತಿಗೆ ಹೊರಗಾದವು 7, ಒಟ್ಟು 13 ಎಂದು ವಿಭಾಗಿಸಿದನು. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಹೇತ್ವಾಭಾಸವೆಂದು ಹೆಸರು. ಹೇತುವಿನಂತೆ ತೋರುವುದು, ಆದರೆ ಹೇತುವಲ್ಲದ್ದು, ಎಂಬುದು ಆ ಪದದ ಅರ್ಥ.

ನಾನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನು. ಅನಂತರ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತನಾಗಿರುವೆನು. ಹೇತ್ವಾಭಾಸಗಳ ಹೆಸರುಗಳನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಬಲ್ಲವನಾಗಿದ್ದರೂ ಅವು ಯಾತಕ್ಕಾಗಿ ಇರುವುವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ತಿಳಿವಳಿಕೆಗೆ ಈ ಶಾಸ್ತ್ರದ ಚರಿತ್ರೆಯೂ ಸಹಾಯಕವಾಯಿತು. ನನ್ನದೇ ಆದ ಒಂದು ಅಪರಾಧವೂ ಕಾರಣವಾಯಿತು. ಎರಡನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತರ್ಕವು ನಮ್ಮಲ್ಲಿ ಗುಹೆಯಲ್ಲಿ ಕುಳಿತವನ ಧ್ಯಾನದಿಂದ ಹುಟ್ಟಿದುದಲ್ಲ. ಸಭೆಯ ಗದ್ದಲದಿಂದ ಹುಟ್ಟಿದುದು. ಯಜ್ಞಶಾಲೆಗಳಲ್ಲಿಯೂ ಅರಸರ ಆಸ್ಥಾನಗಳಲ್ಲಿಯೂ ವಿಹಾರಗಳಲ್ಲಿಯೂ ಭಿನ್ನ ಮತದವರು ಎದುರುಬದುರಾಗಿ ಕುಳಿತು ವಾದ ಮಾಡುತ್ತಿದ್ದರು. ಗೆದ್ದವರಿಗೆ ಮಾನ್ಯತೆ, ಕೆಲವೊಮ್ಮೆ ಧನ, ಸೋತವರಿಗೆ ಅವಮಾನ. ಇಂತಿರಲು, ವಾದದಲ್ಲಿ ಯಾವುದು ಸಲ್ಲುವುದು, ಯಾವುದು ಸಲ್ಲದು ಎಂಬ ಕಟ್ಟಳೆ ಅವಶ್ಯವಾಯಿತು. ಕ್ರಿ. ಪೂ. 2ನೆಯ ಶತಮಾನದ ಯವನರಾಜ ಮಿನಾಂಡರನಿಗೂ ನಾಗಸೇನನೆಂಬ ಬೌದ್ಧಭಿಕ್ಷುವಿಗೂ ನಡೆದ ಸಂವಾದವನ್ನು ಹೇಳುವ ಮಿಲಿಂದಪನ್ಹ ಎಂಬ ಪಾಲಿಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ನನ್ನೊಡನೆ ಚರ್ಚಿಸುವಿರಾ ಎಂದು ದೊರೆ ಕೇಳಿದಾಗ, ಪಂಡಿತರಂತೆ ಚರ್ಚಿಸುವುದಾದರೆ ಸಿದ್ಧ, ದೊರೆಗಳಂತೆ ಚರ್ಚಿಸುವುದಾದರೆ ಇಲ್ಲವೆಂದು ಭಿಕ್ಷುವು ಉತ್ತರವಿತ್ತನಂತೆ. ಭೇದವೇನೆಂದರೆ, ಪಂಡಿತನು ತನ್ನ ತಪ್ಪನ್ನು ಎತ್ತಿ ತೋರಿಸಿದರೂ ಕೋಪಗೊಳ್ಳುವುದಿಲ್ಲ. ದೊರೆಯಾದರೋ ಒಪ್ಪದವನಿಗೆ ದಂಡನೆ ವಿಧಿಸುವನು. ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಗಳು ಈ ಎರಡರಲ್ಲಿ ಯಾವ ಜಾತಿಗೆ ಸೇರಿದುವೆಂಬುದನ್ನು ವಾಚಕರೇ ಯೋಚಿಸಬಹುದು.

ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿ ವಾದದ ವಿಚಾರ ಬಂದಿರುವುದನ್ನು ನೋಡಿ ಅನೇಕರು ಆಶ್ಚರ್ಯಪಡುವರು. ಅದರ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ವೈದ್ಯರು ತಮ್ಮ ತಮ್ಮಲ್ಲಿ ನಡೆಸುವ ಸಂಭಾಷೆಯು ಎರಡು ಬಗೆಯೆಂದು ಹೇಳಿದೆ. ಒಂದು ಸಂಧಾಯ ಸಂಭಾಷೆ, ಅಂದರೆ ಸ್ನೇಹದಿಂದ ಕೂಡಿ ತಿಳಿಯುವುದಕ್ಕಾಗಿ ಮಾಡುವ ಚರ್ಚೆ. ಇನ್ನೊಂದು ವಿಗೃಹ್ಯ ಸಂಭಾಷೆ, ಗೆಲ್ಲುವುದಕ್ಕಾಗಿ ಮಾಡುವ ಚರ್ಚೆ. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿಯ ಬಲಾಬಲವನ್ನೂ ಸಭೆಯ ಸ್ವಭಾವವನ್ನೂ ಅಳೆಯಬೇಕೆಂದು ಗ್ರಂಥವು ಉಪದೇಶಿಸುತ್ತದೆ. ವಾದಮಾರ್ಗದಲ್ಲಿ ತಿಳಿಯಬೇಕಾದ 44 ಪದಗಳನ್ನು ಅಲ್ಲಿ ಪಟ್ಟಿಮಾಡಿ, ದುಷ್ಟಹೇತುಗಳನ್ನು ಅಹೇತುವೆಂದು ಕರೆದು ಮೂರು ವಿಧವಾಗಿ ವಿಂಗಡಿಸಿದೆ. ವೈದ್ಯನಿಗೆ ಇದೇಕೆಂದರೆ, ರೋಗಿಯ ಲಕ್ಷಣವನ್ನು ನೋಡಿ ಕಾಣದಿರುವ ರೋಗವನ್ನು ಊಹಿಸುವುದೇ ಅವನ ವೃತ್ತಿ. ಅವನ ಹೇತುವು ಆಭಾಸವಾದರೆ ಸೋಲುವುದು ಅವನಲ್ಲ, ರೋಗಿ.

ಇವೆಲ್ಲವನ್ನೂ ಒಂದು ವ್ಯವಸ್ಥೆಗೆ ತಂದದ್ದು ಅಕ್ಷಪಾದ ಗೌತಮನ ನ್ಯಾಯಸೂತ್ರ. ಈಗಿರುವ ರೂಪದಲ್ಲಿ ಅದು ಕ್ರಿಸ್ತಶಕದ ಆರಂಭದ ಶತಮಾನಗಳದೆಂದು ವಿದ್ವಾಂಸರ ಅಭಿಪ್ರಾಯ. 5 ಅಧ್ಯಾಯಗಳ ಈ ಗ್ರಂಥವು 16 ಪದಾರ್ಥಗಳನ್ನು ಹೇಳುವುದು. ಪ್ರಮಾಣ, ಪ್ರಮೇಯಗಳ ಅನಂತರ ಮೂರನೆಯದಾಗಿಯೇ ಸಂಶಯವನ್ನು ಇಟ್ಟಿರುವುದು ಗಮನಾರ್ಹ. ಸಂಶಯವಿಲ್ಲದವನಿಗೆ ವಿಚಾರದ ಅಗತ್ಯವೇ ಇಲ್ಲವಷ್ಟೆ. ಮಾತನಾಡುವ ಬಗೆಯನ್ನು ಗೌತಮನು ಮೂರಾಗಿ ಒಡೆದನು. ನಿಜವನ್ನು ತಿಳಿಯಬೇಕೆಂದು ಇಬ್ಬರೂ ಪ್ರಾಮಾಣಿಕವಾಗಿ ನಡೆಸುವುದು ವಾದ; ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ; ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಖಂಡಿಸುತ್ತ ಹೋಗುವುದು ವಿತಂಡೆ. ನಾವು ಇಂದಿಗೂ ವಿತಂಡವಾದವೆಂದು ಬಳಸುವ ಮಾತು ಅಲ್ಲಿಯದು.

ಜಲ್ಪ ವಿತಂಡೆಗಳ ಆಯುಧಗಳನ್ನೂ ಆತನು ಮರೆಮಾಚದೆ ಎಣಿಸಿದ್ದಾನೆ. ಛಲವು 3, ಜಾತಿಯು 24, ಸೋಲೆಂದು ಸಾರತಕ್ಕ ನಿಗ್ರಹಸ್ಥಾನಗಳು 22. ಛಲವೆಂದರೆ ಹೇಳಿದವನ ಅಭಿಪ್ರಾಯವನ್ನು ಬಿಟ್ಟು ಶಬ್ದವನ್ನು ಹಿಡಿದು ಜಗ್ಗುವುದು. ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉದಾಹರಣೆ ಪ್ರಸಿದ್ಧವಾಗಿದೆ: ಹುಡುಗನೊಬ್ಬನು ನವಕಂಬಳವುಳ್ಳವನೆಂದರೆ, ಹೊಸ ಕಂಬಳಿಯವನೆಂಬ ಅರ್ಥವನ್ನು ಬಿಟ್ಟು, ಇವನಲ್ಲಿ ಒಂಬತ್ತು ಕಂಬಳಿ ಎಲ್ಲಿದೆಯೆಂದು ಕೇಳುವುದು. ಊರೆಲ್ಲ ಮಾತಾಡುತ್ತಿದೆಯೆಂದಾಗ, ಊರಿಗೆ ಬಾಯಿ ಎಲ್ಲಿದೆಯೆಂದು ಕೇಳುವ ಹಟಮಾರಿಯೂ ಇದೇ ವರ್ಗದವನು. ಜಾತಿಯೆಂದರೆ ಹುರುಳಿಲ್ಲದ ಹೋಲಿಕೆಯಿಂದ ಕೊಡುವ ಮರುತ್ತರ.

ಹಾಗಾದರೆ ಋಷಿಯೆನಿಸಿಕೊಂಡವನು ಇಂತಹ ಕುಟಿಲಗಳನ್ನು ಕಲಿಸಿದನೇ? ಇದಕ್ಕೆ ಆತನ ಸಮಾಧಾನವು ಗ್ರಂಥದಲ್ಲಿಯೇ ಇದೆ. ಮೊಳಕೆಯನ್ನು ಕಾಪಾಡುವುದಕ್ಕೆ ರೈತನು ಸುತ್ತಲೂ ಮುಳ್ಳಿನ ಕೊಂಬೆಗಳನ್ನು ಹಾಸುವಂತೆ, ತತ್ತ್ವನಿಶ್ಚಯವನ್ನು ಕಾಪಾಡುವುದಕ್ಕೆ ಜಲ್ಪ ವಿತಂಡೆಗಳೆಂಬುದು ಅದರ ತಾತ್ಪರ್ಯ. ಮುಳ್ಳು ಬೇಲಿಗೆ, ಬೆಳೆಗಲ್ಲ. ಬೆಳೆಯು ವಾದ. ಆ ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನೂ ಆತನು ಹೇಳಿದ್ದಾನೆ: ಗುರುವಿನೊಡನೆ, ಶಿಷ್ಯನೊಡನೆ, ಸಹಪಾಠಿಯೊಡನೆ, ಅಸೂಯೆಯಿಲ್ಲದ ಶ್ರೇಯೋರ್ಥಿಗಳೊಡನೆ. ಶಿಷ್ಯನೊಡನೆ ಎಂಬ ಮಾತನ್ನು ನಾನು ಅನೇಕ ವರ್ಷ ಓದಿದ್ದೆನು. ಆದರೆ ಅದನ್ನು ಲಕ್ಷಿಸಿರಲಿಲ್ಲ.

ಛಲ ಜಾತಿಗಳಿಂದ ಹೇತ್ವಾಭಾಸವನ್ನು ಬೇರೆ ಮಾಡಿ ಹೇಳಿದುದಕ್ಕೆ ವಾತ್ಸ್ಯಾಯನನು ಕೊಡುವ ಕಾರಣವೂ ಇದಕ್ಕೆ ಹೊಂದುತ್ತದೆ. ಪ್ರಾಮಾಣಿಕವಾದ ವಾದದಲ್ಲಿಯೂ ಎತ್ತಿ ತೋರಿಸಬೇಕಾದ ದೋಷಗಳು ಇವು. ಆದ್ದರಿಂದ ಇವಕ್ಕೆ ಪ್ರತ್ಯೇಕ ಸ್ಥಾನ. ಹೇತ್ವಾಭಾಸದ ಚರಿತ್ರೆಯೆಲ್ಲವೂ ಈ ಒಂದು ಬೀಜದ ಬೆಳವಣಿಗೆಯೆಂದು ಹೇಳಬಹುದು. ಎದುರಾಳಿಯ ಮೇಲೆ ಪ್ರಯೋಗಿಸುವ ಆಯುಧವಾಗಿ ಹುಟ್ಟಿದ ವಿದ್ಯೆಯು ಕ್ರಮೇಣ ತನ್ನ ಬುದ್ಧಿಯನ್ನು ತಾನೇ ನೋಡಿಕೊಳ್ಳುವ ಕನ್ನಡಿಯಾಯಿತು.

ಮುಂದೆ ಹೋಗುವ ಮೊದಲು ಈ ದೋಷಗಳ ಪರಿಚಯ ಅವಶ್ಯಕ. ಗೌತಮನು ಐದು ಹೇಳಿದನು. ಹೆಸರುಗಳೂ ಲಕ್ಷಣಗಳೂ ಕಾಲಕ್ರಮದಲ್ಲಿ ಕೆಲಮಟ್ಟಿಗೆ ಬದಲಾದುವು. 17ನೆಯ ಶತಮಾನದಲ್ಲಿ ಆಂಧ್ರದೇಶದ ಅನ್ನಂಭಟ್ಟನು ಬರೆದ ತರ್ಕಸಂಗ್ರಹದಲ್ಲಿ ಅವು ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತವೆಂದು ನಿಂತಿವೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಶಾಸ್ತ್ರದ ಹಳೆಯ ಉದಾಹರಣೆ. ಇಲ್ಲಿ ಬೆಟ್ಟವು ಪಕ್ಷ, ಬೆಂಕಿಯು ಸಾಧ್ಯ, ಹೊಗೆಯು ಹೇತು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬ ನಿಯಮವು ವ್ಯಾಪ್ತಿ.

ಹೇತುವು ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಂಡುಬಂದರೆ ಅದು ಸವ್ಯಭಿಚಾರ. ಈ ಔಷಧವು ಬಹಳ ಹಳೆಯದು, ಆದ್ದರಿಂದ ಗುಣಕಾರಿಯೆಂದರೆ, ಹಳೆಯದಾಗಿದ್ದೂ ಗುಣವಿಲ್ಲದ ಔಷಧಗಳುಂಟೆಂಬುದು ಉತ್ತರ. ಹೇತುವು ಸಾಧಿಸಬೇಕಾದುದರ ವಿಪರೀತವನ್ನೇ ಸಾಧಿಸಿದರೆ ವಿರುದ್ಧ. ಇವನು ದಿನಕ್ಕೊಂದು ಮಾತು ಹೇಳುತ್ತಾನೆ, ಆದ್ದರಿಂದ ಇವನ ಮಾತು ದೃಢವಾದುದೆಂದು ವಾದಿಸಿದಂತೆ. ಅಷ್ಟೇ ಬಲವುಳ್ಳ ಇನ್ನೊಂದು ಹೇತುವು ಎದುರಿಗೆ ನಿಂತು ವಿಪರೀತವನ್ನು ಸಾಧಿಸುತ್ತಿದ್ದರೆ ಸತ್ಪ್ರತಿಪಕ್ಷ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿರುವಾಗ ಮುಳ್ಳು ಯಾವ ಕಡೆಗೂ ವಾಲದು, ನಾವಾಗಿ ಒಂದು ಕಡೆ ಬೆರಳಿಡಬಾರದು. ಬೇರೆ ಪ್ರಬಲ ಪ್ರಮಾಣದಿಂದ ಸಾಧ್ಯವೇ ಇಲ್ಲವೆಂದು ತಿಳಿದಿದ್ದರೆ ಬಾಧಿತ. ಈ ಬಾವಿಯಲ್ಲಿ ನೀರಿಲ್ಲವೆಂದು ಎಷ್ಟು ಯುಕ್ತಿ ಹೇಳಿದರೂ ಕೊಡವು ತುಂಬಿ ಮೇಲೆ ಬಂದಮೇಲೆ ಆ ಯುಕ್ತಿಗೆ ಬೆಲೆಯಿಲ್ಲ.

ಅಸಿದ್ಧವು ಮೂರು ಬಗೆ. ಹೇತುವೇ ಪಕ್ಷದಲ್ಲಿ ಇಲ್ಲದಿದ್ದರೆ ಸ್ವರೂಪಾಸಿದ್ಧ. ನಮ್ಮನ್ನು ಮದುವೆಗೆ ಕರೆಯಲಿಲ್ಲ, ಆದ್ದರಿಂದ ಅವರಿಗೆ ನಮ್ಮ ಮೇಲೆ ಮುನಿಸೆಂದು ವರ್ಷಗಟ್ಟಲೆ ಮಾತು ಬಿಟ್ಟವರುಂಟು. ಲಗ್ನಪತ್ರಿಕೆಯು ಪಕ್ಕದ ಮನೆಯ ಗೂಡಿನಲ್ಲಿ ಉಳಿದಿತ್ತೆಂಬುದು ಆಮೇಲೆ ತಿಳಿಯುವುದು. ವ್ಯಾಪ್ತಿಯಲ್ಲಿ ಉಪಾಧಿಯೊಂದು ಅಡಗಿದ್ದರೆ ವ್ಯಾಪ್ಯತ್ವಾಸಿದ್ಧ. ಬೆಂಕಿಯಿರುವುದರಿಂದ ಹೊಗೆಯಿರುವುದೆನ್ನಲಾಗದು, ಹಸಿಯ ಸೌದೆಯಿದ್ದರೆ ಮಾತ್ರ ಹೊಗೆ, ಕಾಯ್ದ ಕಬ್ಬಿಣದಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಒಂದು ವಿದ್ಯಾಲಯದ ಮಕ್ಕಳೆಲ್ಲರೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆಂದು ಅಲ್ಲಿನ ಬೋಧನೆಯನ್ನು ಹೊಗಳುವ ಮುನ್ನ, ಮೊದಲ ದರ್ಜೆಯ ಮಕ್ಕಳನ್ನೇ ಆರಿಸಿ ಸೇರಿಸಿಕೊಂಡರೋ ಎಂದು ಕೇಳಬೇಕು. ಇನ್ನು ಪಕ್ಷವೇ ಇಲ್ಲದಿದ್ದರೆ ಆಶ್ರಯಾಸಿದ್ಧ. ಆಕಾಶದ ತಾವರೆಯು ಪರಿಮಳವುಳ್ಳದ್ದು, ತಾವರೆಯಾದ್ದರಿಂದ, ಕೊಳದ ತಾವರೆಯಂತೆ ಎಂಬುದು ಇದಕ್ಕೆ ಉದಾಹರಣೆ. ಪಾಠಶಾಲೆಯಲ್ಲಿ ಈ ಉದಾಹರಣೆ ಬಂದಾಗ ನಾವು ಹುಡುಗರು ನಗುತ್ತಿದ್ದೆವು. ಆಕಾಶದಲ್ಲಿ ಇಲ್ಲದ ತಾವರೆಯನ್ನು ಹಿಡಿದು ವಾದ ಮಾಡುವ ಮೂಢನು ಲೋಕದಲ್ಲಿ ಯಾರಿದ್ದಾನೆಂಬುದು ನಮ್ಮ ಪ್ರಶ್ನೆ. ಅದರ ಉತ್ತರ ಮುಂದೆ ಬರುವುದು.

ಪಾಶ್ಚಾತ್ಯರ ಪಟ್ಟಿಗೂ ನಮ್ಮದಕ್ಕೂ ಒಂದು ಭೇದವುಂಟು. ಎದುರಿನವನು ಒಪ್ಪಿಕೊಂಡ ಮಾತುಗಳಿಂದಲೇ ಅವನನ್ನು ಕಟ್ಟಿಹಾಕುವುದು, ದೊಡ್ಡವರ ಹೆಸರು ಹೇಳಿ ಬಾಯಿಮುಚ್ಚಿಸುವುದು ಮೊದಲಾದ ಬಗೆಗಳನ್ನು 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಲಾಕನು ಬೇರೆ ಬೇರೆ ಹೆಸರಿನಿಂದ ಗುರುತಿಸಿದನು. ಅಂಥ ಹೆಸರುಗಳ ಪಟ್ಟಿ ಈಗ ಬಹಳ ಉದ್ದವಾಗಿದೆ. ನೈಯಾಯಿಕನು ಹೆಸರನ್ನು ಬೆಳೆಸದೆ ಹೇತುವನ್ನು ಮಾತ್ರ ನೋಡುವನು. ಹೇಳಿದವನು ಕೆಟ್ಟವನು, ಆದ್ದರಿಂದ ಮಾತು ಸುಳ್ಳೆಂದರೆ, ಕೆಟ್ಟವನೂ ಎರಡೂ ಎರಡೂ ಸೇರಿ ನಾಲ್ಕೆನ್ನುವನಷ್ಟೆ, ಸವ್ಯಭಿಚಾರವೆಂದು ಮುಗಿಸುವನು.

ಈ ಶಾಸ್ತ್ರವು ಕನ್ನಡಿಯಾಗುವ ದಾರಿಯಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟವರು ಬೌದ್ಧರು. 5-6ನೆಯ ಶತಮಾನಗಳಲ್ಲಿದ್ದ ದಿಙ್ನಾಗನು ಕಾಂಚಿಯ ಬಳಿಯವನೆಂದು ಟಿಬೆಟ್ಟಿನ ಪರಂಪರೆಯು ಹೇಳುವುದು. ಆತನು ಅನುಮಾನವನ್ನು ಸ್ವಾರ್ಥ, ಪರಾರ್ಥವೆಂದು ಸ್ಪಷ್ಟವಾಗಿ ವಿಭಾಗಿಸಿದನು. ತಾನು ತಿಳಿಯುವುದು ಮೊದಲು. ಪರರಿಗೆ ತಿಳಿಸುವುದು ಆಮೇಲೆ. ಹೇತುಚಕ್ರವೆಂಬ ಚಿಕ್ಕ ಗ್ರಂಥದಲ್ಲಿ ಆತನು ಒಂದು ಹೇತುವು ಸಪಕ್ಷಗಳಲ್ಲಿ ಎಲ್ಲೆಡೆ ಇದೆಯೇ, ಕೆಲವೆಡೆ ಇದೆಯೇ, ಎಲ್ಲಿಯೂ ಇಲ್ಲವೇ, ಹಾಗೆಯೇ ವಿಪಕ್ಷಗಳಲ್ಲಿ ಹೇಗೆ ಎಂದು ಕೇಳಿ 9 ಮನೆಗಳನ್ನು ಹಾಕಿದನು. ಅವುಗಳಲ್ಲಿ ಸರಿಯಾದವು 2 ಮಾತ್ರ, ವಿರುದ್ಧವಾದವು 2, ಉಳಿದ 5 ಅನಿಶ್ಚಿತ. ಸರಿಯಾಗಿ ಯೋಚಿಸುವ ದಾರಿ ಎಷ್ಟು ಇಕ್ಕಟ್ಟಾದುದೆಂಬುದಕ್ಕೆ ಇದಕ್ಕಿಂತ ಚೊಕ್ಕಟವಾದ ಲೆಕ್ಕ ಬೇಕಿಲ್ಲ. ಆತನ ಪರಂಪರೆಯ ಧರ್ಮಕೀರ್ತಿಯು ವಾದನ್ಯಾಯವೆಂಬ ಗ್ರಂಥದಲ್ಲಿ, ಸಜ್ಜನರಾದವರು ಛಲ ಜಾತಿಗಳನ್ನು ಬಳಸಿ ಗೆಲ್ಲುವುದು ಸಲ್ಲದೆಂದು ವಾದಿಸಿ, 22 ನಿಗ್ರಹಸ್ಥಾನಗಳ ಪಟ್ಟಿಯನ್ನು ಎರಡಕ್ಕೆ ಇಳಿಸಿದನು. ಸಾಧನೆಗೆ ಬೇಕಾದುದನ್ನು ಹೇಳದಿರುವುದು ವಾದಿಯ ಸೋಲು. ಇರುವ ದೋಷವನ್ನು ತೋರಿಸದಿರುವುದು ಪ್ರತಿವಾದಿಯ ಸೋಲು. ಬೌದ್ಧರ ಈ ಏಟಿಗೆ ಉತ್ತರ ಕೊಡುವುದರಲ್ಲಿಯೇ ಉದ್ಯೋತಕರ, ವಾಚಸ್ಪತಿಮಿಶ್ರ, ಉದಯನ ಮೊದಲಾದ ನೈಯಾಯಿಕರ ಬುದ್ಧಿ ಹರಿತವಾಯಿತು. ವಿರೋಧಿಯಿಲ್ಲದಿದ್ದರೆ ನ್ಯಾಯಶಾಸ್ತ್ರವು ಇಷ್ಟು ಬೆಳೆಯುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸ್ತಿಯಲ್ಲಿ ಮಲ್ಲಿಷೇಣಪ್ರಶಸ್ತಿಯೆಂಬ 1129ರ ಶಾಸನವಿದೆ. ಜೈನ ಆಚಾರ್ಯರ ಪರಂಪರೆಯನ್ನು ಹೊಗಳುವ ಈ ಶಾಸನವನ್ನು ಓದಿದರೆ ಹಿಂದಿನ ವಾದಸಭೆಗಳು ಕಣ್ಣಿಗೆ ಕಟ್ಟುವುವು. ಸಮಂತಭದ್ರಾಚಾರ್ಯರು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ ಮೊದಲಾದೆಡೆಗಳಲ್ಲಿ ವಾದಕ್ಕೆ ಕರೆಯುವ ಭೇರಿಯನ್ನು ಹೊಡೆಯಿಸಿ ಕರಹಾಟಕಕ್ಕೆ ಬಂದರೆಂದು ಅಲ್ಲಿದೆ. ಮಹಾತಾರ್ಕಿಕರಾದ ಅಕಲಂಕರು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ಸೋಲಿಸಿದ ಕಥೆಯೂ ಅಲ್ಲಿದೆ. ಆ ಸಂದರ್ಭದಲ್ಲಿ ಅಕಲಂಕರ ಬಾಯಲ್ಲಿ ಬರುವ ಮಾತಿನ ಭಾವವಿದು: ತಾನು ವಾದಿಸಿದ್ದು ಅಹಂಕಾರಕ್ಕೆ ವಶನಾಗಿ ಅಲ್ಲ, ದ್ವೇಷದಿಂದಲೂ ಅಲ್ಲ, ದಾರಿ ತಪ್ಪುತ್ತಿರುವ ಜನರ ಮೇಲಣ ಕರುಣೆಯಿಂದ. ಆದರೆ ಅದೇ ಉಸಿರಿನಲ್ಲಿ ಕಾಲಿನಿಂದ ಒದೆದು ಒಡೆದ ವಿಜಯದ ವರ್ಣನೆಯೂ ಬರುತ್ತದೆ. ಶಾಸನವು ಅವರ ಕಾಲಕ್ಕಿಂತ ಶತಮಾನಗಳ ಈಚಿನದಾದ್ದರಿಂದ ಅದನ್ನು ಅಕಲಂಕರ ಮನಸ್ಸಿಗೆ ಸಾಕ್ಷಿಯಾಗಿ ಹಿಡಿಯಬೇಕಾಗಿಲ್ಲ. ನಮ್ಮೆಲ್ಲರ ಮನಸ್ಸಿಗೆ ಸಾಕ್ಷಿಯಾಗಿ ಹಿಡಿಯಬಹುದು. ಕರುಣೆಯೆಂದು ಬಾಯಲ್ಲಿ ಹೇಳುತ್ತಲೇ ಕಾಲು ಒದೆಯುತ್ತಿರುವುದು ವಾದಿಗಳಲ್ಲಿ ಅಪರೂಪವಲ್ಲ.

14ನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶೋಪಾಧ್ಯಾಯನು ತತ್ತ್ವಚಿಂತಾಮಣಿಯನ್ನು ರಚಿಸಿ ನವ್ಯನ್ಯಾಯಕ್ಕೆ ನೆಲೆ ಹಾಕಿದನು. ಅದು ಮುಂದೆ ವಂಗದೇಶದ ನವದ್ವೀಪದಲ್ಲಿ ರಘುನಾಥ ಶಿರೋಮಣಿ, ಜಗದೀಶ, ಗದಾಧರರ ಕೈಯಲ್ಲಿ ಅತಿಸೂಕ್ಷ್ಮವಾಗಿ ಬೆಳೆದು ದಕ್ಷಿಣದ ಪಾಠಶಾಲೆಗಳಿಗೂ ಬಂದಿತು. ವಿಜಯನಗರದ ಕಾಲದಲ್ಲಿ, 1539ರಲ್ಲಿ ಆನೆಗೊಂದಿಯ ಬಳಿ ವೃಂದಾವನಸ್ಥರಾದ ವ್ಯಾಸತೀರ್ಥರು ತರ್ಕತಾಂಡವವೆಂಬ ಗ್ರಂಥದಲ್ಲಿ ನೈಯಾಯಿಕರ ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮಿಥಿಲೆಯ ಗ್ರಂಥಕ್ಕೆ ತುಂಗಭದ್ರೆಯ ದಡದಲ್ಲಿ ಇಂತಹ ಉತ್ತರ ಹುಟ್ಟಿದುದು ನಮಗೆ ಅಭಿಮಾನದ ವಿಷಯ.

ಗಂಗೇಶನು ಹೇತ್ವಾಭಾಸಕ್ಕೆ ಕೊಟ್ಟ ಲಕ್ಷಣವೇ ಈ ಚರಿತ್ರೆಯ ಶಿಖರವೆಂದು ನನ್ನ ಭಾವನೆ. ಶಬ್ದಗಳ ಜಟಿಲತೆಯನ್ನು ಬಿಟ್ಟು ಅದರ ತಿರುಳನ್ನು ಹೇಳುವುದಾದರೆ ಹೀಗೆ: ಯಾವುದನ್ನು ಯಥಾರ್ಥವಾಗಿ ತಿಳಿದರೆ ಅನುಮಿತಿಯು ಹುಟ್ಟದೆ ನಿಲ್ಲುವುದೋ ಅದೇ ಹೇತ್ವಾಭಾಸ. ಇಲ್ಲಿ ಎದುರಾಳಿಯಿಲ್ಲ, ಸಭೆಯಿಲ್ಲ, ಸೋಲು ಗೆಲುವಿಲ್ಲ. ಇರುವುದು ಒಂದು ಮನಸ್ಸು. ಅದರಲ್ಲಿ ತಪ್ಪು ನಿರ್ಣಯವೊಂದು ಹುಟ್ಟಲು ಹೊರಟಿದೆ. ದೋಷವು ಕಂಡೊಡನೆ ಆ ನಿರ್ಣಯವು ಹುಟ್ಟದೆ ಹೋಗುತ್ತದೆ. ಭೇರಿಯನ್ನು ಹೊಡೆಯಿಸಿ ಊರೂರು ತಿರುಗಿದ ವಿದ್ಯೆಯು ಕೊನೆಗೆ ಬಂದು ಕುಳಿತದ್ದು ಮನಸ್ಸಿನ ಹೊಸ್ತಿಲಲ್ಲಿ, ಕಾವಲುಗಾರನಾಗಿ.

ಈ ಲಕ್ಷಣವನ್ನು ಪದಕೃತ್ಯದೊಡನೆ ಒಪ್ಪಿಸಬಲ್ಲವನಾಗಿದ್ದ ನಾನು ಏನು ಮಾಡಿದೆನೆಂಬುದನ್ನು ಈಗ ಹೇಳಬೇಕು.

ಉಪಾಧ್ಯಾಯನಾಗಿ ಸೇರಿದ ಎರಡನೆಯ ವರ್ಷ. ಪರೀಕ್ಷಾಶುಲ್ಕವೆಂದು ಹುಡುಗರಿಂದ ಕೂಡಿಸಿದ ಹಣವನ್ನು ತರಗತಿಯ ಮೇಜಿನ ಖಾನೆಯಲ್ಲಿ ಇಟ್ಟಿದ್ದೆನು. ಸಂಜೆ ನೋಡಿದರೆ ಅಲ್ಲಿ ಹಣವಿಲ್ಲ. ಆಟದ ವೇಳೆಯಲ್ಲಿ ಎಲ್ಲರೂ ಬಯಲಿಗೆ ಹೋಗಿದ್ದಾಗ ಒಬ್ಬ ಹುಡುಗನು ಮಾತ್ರ ತರಗತಿಯಲ್ಲಿ ಕುಳಿತಿದ್ದನೆಂದು ತಿಳಿಯಿತು. ಬಡವರ ಮನೆಯ ಹುಡುಗ; ಬರಿಗಾಲಿನಲ್ಲಿ ಬರುತ್ತಿದ್ದವನು. ಮಾರನೆಯ ದಿನ ಅವನ ಕಾಲಲ್ಲಿ ಹೊಸ ಚಪ್ಪಲಿ! ನನಗೆ ಮತ್ತೇನು ಬೇಕು? ಅವನನ್ನು ಎಲ್ಲರೆದುರು ನಿಲ್ಲಿಸಿ, "ಚಪ್ಪಲಿಗೆ ದುಡ್ಡು ಎಲ್ಲಿಂದ ಬಂತು, ಹೇಳು" ಎಂದು ಕೇಳಿದೆನು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತನು. ಆ ಮೌನವನ್ನೂ ಇನ್ನೊಂದು ಹೇತುವೆಂದು ಎಣಿಸಿಕೊಂಡೆನು. ನಾನು ಹೊಡೆಯಲಿಲ್ಲ; ಹೊಡೆಯಬೇಕಾದ ಅಗತ್ಯವಿರಲಿಲ್ಲ. ನಲವತ್ತು ಮಕ್ಕಳು ಅವನನ್ನು ನೋಡುತ್ತಿದ್ದರು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಮೂರು ವಾರಗಳಾದ ಮೇಲೆ ಸೀಮೆಸುಣ್ಣ ಮುಗಿದು ಹೊಸ ಪೆಟ್ಟಿಗೆಯನ್ನು ತೆಗೆಯಲು ಬೀರುವಿಗೆ ಕೈಹಾಕಿದೆನು. ಪೆಟ್ಟಿಗೆಯೊಳಗೆ ಹಣವು ಕಾಗದದಲ್ಲಿ ಸುತ್ತಿಕೊಂಡು ಹಾಗೆಯೇ ಇತ್ತು. ಆ ದಿನ ಮುಖ್ಯೋಪಾಧ್ಯಾಯರು ಕರೆಕಳುಹಿಸಿದಾಗ ಅವಸರದಲ್ಲಿ ನಾನೇ ಅದನ್ನು ಅಲ್ಲಿಟ್ಟು ಮರೆತಿದ್ದೆನು.

ಅಂದು ಸಂಜೆಯೇ ಅವನ ಮನೆಗೆ ಹೋದೆನು. ಚಪ್ಪಲಿಯನ್ನು ಸೋದರಮಾವನು ಜಾತ್ರೆಯಿಂದ ತಂದುಕೊಟ್ಟಿದ್ದನಂತೆ. ಹುಡುಗನ ಕಾಲಿಗೆ ಮುಳ್ಳು ಚುಚ್ಚಿ ಗಾಯವಾಗಿತ್ತು. ಆಟಕ್ಕೆ ಹೋಗದಿದ್ದುದಕ್ಕೂ ಚಪ್ಪಲಿ ಬಂದುದಕ್ಕೂ ಅದೊಂದೇ ಕಾರಣ. ನನ್ನ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಿದೆನು. ಅವನ ತಂದೆಯು ಚಾಪೆ ಹಾಸಿ ಕೂರಿಸಿ, "ಮೇಷ್ಟ್ರೆ, ನೀವು ಮನೆತನಕ ಬಂದಿರಲ್ಲ, ಅಷ್ಟೇ ಸಾಕು. ಆದರೆ ಹುಡುಗ ಪೇಟೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಶಾಲೆ ಅಂದರೆ ಎದ್ದು ಹೋಗ್ತಾನೆ" ಎಂದನು. ಎರಡು ಬಾರಿ ಮತ್ತೆ ಹೋಗಿ ಕರೆದೆನು. ಅವನು ಬರಲಿಲ್ಲ.

ಆ ರಾತ್ರಿ ಮೊದಲ ಬಾರಿಗೆ ನಾನು ತರ್ಕಸಂಗ್ರಹವನ್ನು ನನ್ನ ಸಲುವಾಗಿ ಓದಿದೆನು. ಹೊಸ ಚಪ್ಪಲಿಯು ಕದ್ದವನ ಕಾಲಲ್ಲಿಯೂ ಇರಬಹುದು, ಕದಿಯದವನ ಕಾಲಲ್ಲಿಯೂ ಇರಬಹುದು: ಸವ್ಯಭಿಚಾರ. ಅಪರಾಧಿಯೂ ಸುಮ್ಮನಿರುವನು, ಅವಮಾನದಿಂದ ನೊಂದ ನಿರಪರಾಧಿಯೂ ಸುಮ್ಮನಿರುವನು: ಮತ್ತೆ ಅದೇ. ಇವಕ್ಕಿಂತ ಹೆಚ್ಚಾಗಿ, ಕಳವನ್ನು ಮಾಡಿದವನು ಯಾರೆಂದು ನಾನು ಹುಡುಕುತ್ತಿದ್ದೆನಷ್ಟೆ, ಕಳವೇ ನಡೆದಿರಲಿಲ್ಲ. ಇಲ್ಲದ ಕಳ್ಳನಿಗೆ ಹೇತುಗಳನ್ನು ಕೂಡಿಸಿದ್ದೆನು. ಆಕಾಶದ ತಾವರೆಯ ಪರಿಮಳವನ್ನು ಕುರಿತು ವಾದಿಸುವ ಮೂಢನು ಯಾರೆಂದು ಹುಡುಗನಾಗಿದ್ದಾಗ ನಕ್ಕಿದ್ದೆನಲ್ಲ, ಅವನು ನಾನೇ.

ಗಂಗೇಶನ ಲಕ್ಷಣದ ಅರ್ಥವು ಆಗ ಹೊಳೆಯಿತು. ದೋಷವನ್ನು ತಿಳಿದರೆ ನಿರ್ಣಯವು ನಿಲ್ಲಬೇಕು. ನನ್ನ ನಿರ್ಣಯವು ನಿಲ್ಲಲಿಲ್ಲ. ಆದ್ದರಿಂದ ನಾನು ದೋಷವನ್ನು ತಿಳಿದಿರಲಿಲ್ಲ, ಅದರ ಹೆಸರನ್ನು ಮಾತ್ರ ತಿಳಿದಿದ್ದೆನು. ಸ್ನೇಹಿತರ ಮಾತಿನಲ್ಲಿ, ಪತ್ರಿಕೆಯ ಲೇಖನಗಳಲ್ಲಿ, ಭಾಷಣಗಳಲ್ಲಿ ಹೇತ್ವಾಭಾಸವನ್ನು ಕ್ಷಣದಲ್ಲಿ ಹಿಡಿಯುತ್ತಿದ್ದವನಿಗೆ ತನ್ನ ಮಾತಿನಲ್ಲಿ ಒಂದೂ ಕಾಣಲಿಲ್ಲ. ಎದುರಾಳಿಗೆ ನಾಲಗೆಯುಂಟು, ಅವನು ಮರುತ್ತರ ಕೊಡುವನು. ತಲೆ ತಗ್ಗಿಸಿ ನಿಂತ ಹುಡುಗನಿಗೆ ಮರುತ್ತರವಿರಲಿಲ್ಲ. ಅವನ ಪರವಾಗಿ ನನ್ನ ಹೇತುವನ್ನು ನಾನೇ ಖಂಡಿಸಬೇಕಾಗಿತ್ತು. ಶಿಷ್ಯನೊಡನೆಯೂ ವಾದವೆಂದು ಗೌತಮನು ಹೇಳಿದುದರ ಮರ್ಮವು ಇದೇ ಎಂದು ತೋರುವುದು. ನಾನು ಮಾಡಿದ್ದು ಮಿಲಿಂದಪನ್ಹದ ದೊರೆಗಳ ಚರ್ಚೆ.

ತರ್ಕವನ್ನು ಕಂಡರೆ ನಮ್ಮ ಹಿರಿಯರಲ್ಲಿ ಒಂದು ಭಯವೂ ಇತ್ತು. ರಾಮಾಯಣದ ಅಯೋಧ್ಯಾಕಾಂಡದಲ್ಲಿ, ಕೇವಲ ತರ್ಕಬುದ್ಧಿಯನ್ನು ಹಿಡಿದು ನಿರರ್ಥಕವಾಗಿ ಮಾತನಾಡುವವರಿಂದ ದೂರವಿರೆಂದು ರಾಮನು ಭರತನನ್ನು ಎಚ್ಚರಿಸುವನು. ಅದೇ ವಿದ್ಯೆಯನ್ನು ಕೌಟಿಲ್ಯನು ಆನ್ವೀಕ್ಷಿಕಿಯೆಂದು ಕರೆದು, ಇತರ ವಿದ್ಯೆಗಳಿಗೆಲ್ಲ ಬೆಳಕು ತೋರುವ ಸ್ಥಾನದಲ್ಲಿಟ್ಟನು. ಅವನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದುದನ್ನು ವಾಚಕರು ಬಲ್ಲರು. ನಿಂದೆಯೂ ಪ್ರಶಂಸೆಯೂ ಎರಡೂ ನಿಜವೇ. ಪರರ ಕಣ್ಣಿಗೆ ಹಿಡಿದ ದೀಪವು ಕುರುಡುಮಾಡುವುದು. ತನ್ನ ಕಾಲಿನ ಮುಂದೆ ಹಿಡಿದ ದೀಪವು ದಾರಿ ತೋರುವುದು.

ಇಂದು ಗದಾಧರನ ಗ್ರಂಥಗಳನ್ನು ಓದುವವರು ವಿರಳ. ಎಲ್ಲರೂ ಓದಬೇಕಾಗಿಯೂ ಇಲ್ಲ. ಆದರೆ ಕೈಯಲ್ಲಿರುವ ಮೊಬೈಲಿಗೆ ಗಳಿಗೆಗೊಂದು ಸುದ್ದಿ ಬರುವ ಈ ಕಾಲದಲ್ಲಿ ಪ್ರತಿಯೊಬ್ಬ ಗೃಹಸ್ಥನೂ ದಿನಕ್ಕೆ ಹತ್ತು ಬಾರಿ ನಿರ್ಣಯ ಮಾಡುತ್ತಾನೆ: ಇವನು ಕೆಟ್ಟವನು, ಆ ಜನ ಅಂಥವರು, ಈ ಮದ್ದು ಒಳ್ಳೆಯದು. ಆಗ ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡರೆ ಸಾಕು. ನಾನು ಹಿಡಿದ ಹೇತುವು ನಿಜವಾಗಿಯೂ ಅಲ್ಲಿ ಇದೆಯೇ? ಇದ್ದರೂ, ನನ್ನ ನಿರ್ಣಯವು ಸುಳ್ಳಾಗಿರುವ ಕಡೆಯಲ್ಲಿಯೂ ಅದು ಇರಬಹುದೇ? ಇದಕ್ಕೆ ವಿರುದ್ಧವಾದ ಪ್ರಬಲ ಪ್ರಮಾಣವು ಎಲ್ಲಿಯಾದರೂ ಉಂಟೇ? ಐದು ಹೇತ್ವಾಭಾಸಗಳ ಸಾರವು ಈ ಮೂರರಲ್ಲಿ ಬಹುಮಟ್ಟಿಗೆ ಅಡಕವಾಗಿದೆ.

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮೊಮ್ಮಗಳೊಡನೆ ಇದನ್ನೇ ಆಟವಾಗಿ ಆಡುತ್ತೇನೆ. ಮೊನ್ನೆ ನಾನು ಜ್ವರದಿಂದ ಮಲಗಿದ್ದಾಗ ಎದುರುಮನೆಯವರು ಒಂದು ಸಲವೂ ಬಂದು ವಿಚಾರಿಸಲಿಲ್ಲ, ಅವರಿಗೆ ಈಚೆಗೆ ಗರ್ವ ಬಂದಿದೆ ಎಂದೆನು. ಅವಳು ಪುಸ್ತಕದಿಂದ ತಲೆಯೆತ್ತದೆ, "ತಾತ, ಅವರು ಊರಲ್ಲಿ ಇದ್ದಾರಾ?" ಎಂದು ಕೇಳಿದಳು. ವಿಚಾರಿಸಲಾಗಿ, ಅವರು ಹದಿನೈದು ದಿನಗಳಿಂದ ಮಗನ ಊರಿನಲ್ಲಿದ್ದರು. ನನ್ನ ನಿರ್ಣಯವು ಅಲ್ಲಿಯೇ ನಿಂತಿತು.